ಗಡ್ಡೆ ಎಲ್ಲಿ ಕೂತಿದೆ?

ಜೂನ್ ಕೊನೆಯ ಒಂದು ಮಧ್ಯಾಹ್ನ. ಸಾಗರದಿಂದಾಚೆಯ ಹಳ್ಳಿ ಮನೆಯ ಹಿತ್ತಿಲ ಜಗುಲಿಯಲ್ಲಿ ಇಬ್ಬರು ಹಲಸಿನ ಹಣ್ಣು ಬಿಡಿಸುತ್ತ ಕೂತಿದ್ದಾರೆ. ಒಬ್ಬಳಿಗೆ 34 ವರ್ಷ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ, ಈಗ ಐದು ತಿಂಗಳ ಬಸುರಿ. ಇನ್ನೊಬ್ಬಳು ಅವಳ ಚಿಕ್ಕಮ್ಮ. 31 ವರ್ಷ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಒಳಗೆ ನಡುಮನೆಯಲ್ಲಿ ಅಮ್ಮ ಮಲಗಿದ್ದಾಳೆ.

— ಕೈಗೆ ಎಣ್ಣೆ ಹಚ್ಕೊಂಡ್ಯಾ? ಇಲ್ಲಾಂದ್ರೆ ಮೇಣ ಅಂಟಿ ನಾಳೆವರೆಗೂ ಹೋಗಲ್ಲ.

— ಹಚ್ಕೊಂಡೆ. ಚಿಕ್ಕಮ್ಮ, ಸ್ಕ್ಯಾನಿಂಗ್ ರಿಪೋರ್ಟ್ ತಂದಿದೀನಿ, ನೀನೊಂದ್ಸಲ ನೋಡು. ಅಮ್ಮಂಗೆ ತೋರಿಸಿಲ್ಲ.

— ಯಾಕೆ? ಮಗು ಚೆನ್ನಾಗಿದೆ ಅಂದ್ಯಲ್ಲ ಫೋನಲ್ಲಿ.

— ಮಗು ಚೆನ್ನಾಗಿದೆ. ಜೊತೆಗೆ ಇನ್ನೊಂದು ಕೂತಿದೆ. ಸ್ಕ್ಯಾನ್ ಮಾಡಿದವರು ಫೈಬ್ರಾಯ್ಡ್ ಅಂದ್ರು. ಮನೆಗೆ ಬರೋ ಹೊತ್ತಿಗೆ ನಮ್ಮತ್ತೆ ಬಾಯಲ್ಲಿ ಅದು ಗಡ್ಡೆ ಆಯ್ತು. ಸಂಜೆ ಹಾಲು ಹಾಕೋರಿಗೂ ಗೊತ್ತಾಗಿತ್ತು.

— ನಮ್ಮ ಭಾಷೆದೇ ಇದೊಂದು ಪೇಚು ನೋಡು. ಆಲೂಗಡ್ಡೆನೂ ಗಡ್ಡೆ, ಕ್ಯಾನ್ಸರ್ ಗಡ್ಡೆನೂ ಗಡ್ಡೆ. ವಾರ್ಡಿನಲ್ಲಿ ನಾನು ಗಂಟು ಅಂತಿದ್ದೆ. ಗರ್ಭಕೋಶದ ಸ್ನಾಯುವೇ ಒಂದು ಕಡೆ ಗಂಟು ಕಟ್ಕೊಂಡಿದೆ ಅಮ್ಮ, ಬೇರೇನಲ್ಲ ಅಂತ. ಗಂಟು ಅಂದ್ರೆ ಸ್ವಲ್ಪ ಸಮಾಧಾನ ಆಗ್ತಿತ್ತು ಅವರಿಗೆ.

— ಅದು ಮುಂದೆ ಕ್ಯಾನ್ಸರ್ ಆಗಲ್ವಾ?

— ಗರ್ಭಕೋಶದ ಸ್ನಾಯುವಿನ ಕ್ಯಾನ್ಸರ್ ಅಂತ ಒಂದಿದೆ, ತೀರಾ ಅಪರೂಪ. ಅದು ಬೇರೆಯಾಗೇ ಹುಟ್ಟೋದು, ಈ ಗಂಟು ತಿರುಗಿ ಹಾಗಾಗೋದಲ್ಲ ಅಂತ ನಮ್ಮ ಡಾಕ್ಟರುಗಳು ಹೇಳ್ತಿದ್ರು. ಕೊಡು ಇಲ್ಲಿ ಆ ಕಾಗದ. ಮೇಣದ ಕೈ, ನೀನೇ ಹಿಡ್ಕೋ, ನಾನು ಓದ್ತೀನಿ.

— 5 ಸೆಂಟಿಮೀಟರ್ ಇದೆ ಚಿಕ್ಕಮ್ಮ. ಒಂದು ನಿಂಬೆಹಣ್ಣಿಗಿಂತ ದೊಡ್ಡದು.

— ಎಲ್ಲರೂ ಮೊದಲು ಎಷ್ಟು ದೊಡ್ಡದು ಅಂತಾನೇ ನೋಡೋದು. ನಾನು ಮೊದಲು ನೋಡೋದು ಎಲ್ಲಿ ಕೂತಿದೆ ಅಂತ. ಈ ಮನೆ ತಗೋ. ಗೋಡೆಯಿಂದ ಒಳಕೋಣೆ ಕಡೆಗೆ ಒಂದು ಕಲ್ಲು ಉಬ್ಬಿಕೊಂಡಿದ್ರೆ ಒಳಗೆ ಇರೋರಿಗೆ ತೊಂದ್ರೆ. ಗೋಡೆ ದಪ್ಪದೊಳಗೇ ಇದ್ರೆ, ಬಣ್ಣ ಹಚ್ಚಿದ ಮೇಲೆ ಇದೆ ಅಂತಲೇ ಗೊತ್ತಾಗಲ್ಲ. ಹೊರಗೆ ಜಗುಲಿ ಕಡೆಗೆ ಉಬ್ಬಿದ್ರೆ ಒಳಗಿನವರಿಗೇನು? ಇನ್ನು ಕೆಲವು ಆ ಹಲಸಿನ ಕಾಯಿ ಕಾಂಡಕ್ಕೆ ನೇತಾಡ್ತಿದೆಯಲ್ಲ, ಹಾಗೆ ಒಂದು ತೊಟ್ಟಿನ ಮೇಲೆ ಹೊರಗೆ ನೇತಾಡ್ತಿರತ್ತೆ. ತೊಟ್ಟು ತಿರುಚಿಕೊಂಡ್ರೆ ಮಾತ್ರ ವಿಪರೀತ ನೋವು. ನಿಂದು ‘ಆಂಟೀರಿಯರ್ ವಾಲ್, ಇಂಟ್ರಾಮ್ಯೂರಲ್’. ಮುಂದಿನ ಗೋಡೆಯ ದಪ್ಪದೊಳಗೆ.

— ಅಷ್ಟು ನಾನೂ ಓದ್ಕೊಂಡೆ.

— ಮುಂದಿನ ಸಾಲು ಓದಿದ್ಯಾ? ‘ಪ್ಲಸೆಂಟಾ ಪೋಸ್ಟೀರಿಯರ್’. ಮಾಸು ಕೂತಿರೋದು ಹಿಂದಿನ ಗೋಡೆಗೆ, ಗಂಟು ಇರೋದು ಮುಂದಿನ ಗೋಡೆಗೆ. ನನಗೆ ಈ ರಿಪೋರ್ಟಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಾಲು ಅದು. ಗಂಟಿನ ನೆತ್ತಿ ಮೇಲೇ ಮಾಸು ಅಂಟಿಕೊಂಡಿದ್ರೆ, ಹೆರಿಗೆಗೆ ಮುಂಚೆ ಅದು ಬಿಟ್ಟುಕೊಂಡು ರಕ್ತಸ್ರಾವ ಆಗೋ ಭಯ ಜಾಸ್ತಿ. ನಿಂಗೆ ಆ ಭಯ ಕಡಿಮೆ. ಇದನ್ನ ನಿಂಗೆ ಯಾರೂ ಹೇಳ್ಲಿಲ್ವಾ?

— ಇಲ್ಲ. ಮೂರು ತಿಂಗಳ ಸ್ಕ್ಯಾನಲ್ಲೂ ಇದು 4 ಸೆಂಟಿಮೀಟರ್ ಅಂತ ಬರೆದಿತ್ತು, ಆವಾಗಲೂ ಹೇಳ್ಲಿಲ್ಲ. ಹಳೇ ರಿಪೋರ್ಟ್ ಈಗ ತೆಗೆದು ನೋಡಿದಾಗ ಸಿಕ್ತು.

— ಹೇಳಿದ್ರೆ ಹೆದರ್ತಾಳೆ ಅಂತ ಹೇಳಲ್ಲ. ಹೇಳದೇ ಇದ್ರೆ ತಾನೇ ಓದಿಕೊಂಡು ಎರಡು ಪಟ್ಟು ಹೆದರ್ತಾಳೆ. ಇರ್ಲಿ.

— ಬೆಳೀತಾನೇ ಹೋಗತ್ತಾ ಅಂತ ನನ್ನ ಭಯ. ಮಗುಗಿಂತ ಮುಂದೆ ಹೋಗ್ಬಿಟ್ರೆ?

— ಹಾಗಾಗಲ್ಲ. ಬೆಳೆಯೋದಿದ್ರೆ ಹೆಚ್ಚಾಗಿ ಮೊದಲ ಮೂರು ನಾಲ್ಕು ತಿಂಗಳಲ್ಲಿ ಬೆಳೆಯತ್ತೆ, ಆಮೇಲೆ ಅದರ ಪಾಡಿಗೆ ಅದು ಇರತ್ತೆ. ಬಹಳಷ್ಟು ಜನಕ್ಕೆ ಬಸುರಿನಲ್ಲಿ ಇದು ಬೆಳೆಯೋದೇ ಇಲ್ಲ. ಬಾಣಂತನ ಮುಗಿಸಿ ಬಂದವರನ್ನ ಆರು ತಿಂಗಳಿಗೆ ನೋಡಿದ್ರೆ ಸಣ್ಣದಾಗಿರತ್ತೆ. ಕೆಲವರಿಗೆ ಹುಡುಕಿದ್ರೂ ಸಿಗದಷ್ಟು. ಗರ್ಭಕೋಶವೇ ಕುಗ್ಗತ್ತಲ್ಲ, ಅದರ ಜೊತೆ ಇದೂ ಕುಗ್ಗತ್ತೆ.

— ಹೌದು, ಬಸುರಿಲ್ಲದಾಗ ಗರ್ಭಕೋಶದ ತೂಕ 60–70 ಗ್ರಾಂ, ಒಂಬತ್ತು ತಿಂಗಳಿಗೆ ಒಂದು ಕೆಜಿ ದಾಟತ್ತೆ. ಹುಡುಗರಿಗೆ ಪಾಠ ಮಾಡುವಾಗ ಪ್ರತಿ ವರ್ಷ ಹೇಳ್ತೀನಿ. ನನ್ನ ಹೊಟ್ಟೆ ಬಗ್ಗೆನೇ ಹೇಳ್ತಿದೀನಿ ಅಂತ ಅನಿಸಿರಲಿಲ್ಲ.

— ನಿಮ್ಮತ್ತೆ ಏನಂತಾರೆ?

— ಮೊದಲ ಸಲ ಎರಡೂವರೆ ತಿಂಗಳಿಗೆ ಹೋಯ್ತಲ್ಲ, ಅದಕ್ಕೆ ಕಾರಣ ಸಿಕ್ಕಿದ ಹಾಗೆ ಮಾತಾಡ್ತಿದಾರೆ. ‘ಗಡ್ಡೆ ಇದ್ದ ಮೇಲೆ ಗರ್ಭ ನಿಲ್ಲತ್ತಾ? ಮದುವೆಗೆ ಮುಂಚೆನೇ ತೋರಿಸಿಕೊಳ್ಳೋದಲ್ವಾ?’ ಬೆಳಿಗ್ಗೆ ತಿಂಡಿ ಬಿಟ್ಟು ಬಸ್ಸು ಹಿಡಿದದ್ದಕ್ಕೆ, ಹಾಸ್ಟೆಲಲ್ಲಿದ್ದಾಗ ಹೊರಗಡೆ ತಿಂದದ್ದಕ್ಕೆ ಗಡ್ಡೆ ಬಂತಂತೆ.

— ನೀನು ಜೀವಶಾಸ್ತ್ರದ ಮೇಡಂ ಅಲ್ವೇನೆ? ನೀನೇ ಹೇಳು, ಯಾಕೆ ಬರತ್ತೆ?

— ಒಂದೊಂದು ಗಂಟೂ ಒಂದೇ ಒಂದು ಜೀವಕೋಶದಿಂದ ಶುರು ಆಗಿದ್ದು. ಆ ಕೋಶದ ಒಂದು ಜೀನ್‌ನಲ್ಲಿ ಸಣ್ಣ ಬದಲಾವಣೆ. 2011ರಲ್ಲಿ ಫಿನ್ಲೆಂಡಿನವರು ನೂರಾರು ಗಡ್ಡೆ ಪರೀಕ್ಷೆ ಮಾಡಿ ನೋಡಿದಾಗ ನೂರಕ್ಕೆ ಸುಮಾರು 70 ಗಡ್ಡೆಗಳಲ್ಲಿ ಒಂದೇ ಜೀನ್ ಕೆಟ್ಟಿತ್ತು, ಅದರ ಹೆಸರು ಮೆಡ್12. ಆಮೇಲೆ ಹೆಣ್ಣಿನ ಹಾರ್ಮೋನುಗಳು ಅದಕ್ಕೆ ನೀರು ಗೊಬ್ಬರ ಹಾಕ್ತವೆ. ಮುಟ್ಟು ನಿಂತ ಮೇಲೆ ಒಣಗತ್ತೆ. ಅಮೆರಿಕದಲ್ಲಿ ಸ್ಕ್ಯಾನ್ ಮಾಡಿ ಎಣಿಸಿದ್ರಂತೆ: 50 ವರ್ಷ ತುಂಬೋ ಹೊತ್ತಿಗೆ ಬಿಳಿ ಹೆಂಗಸರಲ್ಲಿ ನೂರಕ್ಕೆ ಸುಮಾರು 70, ಕಪ್ಪು ಹೆಂಗಸರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನಕ್ಕೆ ಒಂದಾದ್ರೂ ಇತ್ತು.

— ಅಷ್ಟೂ ಜನ ತಿಂಡಿ ಬಿಟ್ಟಿರ್ತಾರಾ ಅಂತ ಕೇಳು ನಿಮ್ಮತ್ತೇನ.

— ಕೇಳಕ್ಕಾಗತ್ತಾ? ಆದ್ರೆ ಮೊದಲ ಬಸುರು ಹೋಗಿದ್ದಕ್ಕೆ ಇದೇ ಕಾರಣ ಇರ್ಬಹುದಾ ಅಂತ ರಾತ್ರಿಯೆಲ್ಲ ಕೂತು ಓದಿದೆ ಚಿಕ್ಕಮ್ಮ. 2017ರಲ್ಲಿ ಬಂದ ಒಂದು ಅಧ್ಯಯನ ಇದೆ. 5,500ಕ್ಕೂ ಹೆಚ್ಚು ಹೆಂಗಸರನ್ನ ಬಸುರಿನ ಶುರುವಿನಲ್ಲೇ ಸ್ಕ್ಯಾನ್ ಮಾಡಿ, ಆಮೇಲೆ ಯಾರಿಗೆ ಹೋಯ್ತು ಯಾರಿಗೆ ನಿಂತಿತು ಅಂತ ಹಿಂಬಾಲಿಸಿದಾರೆ. ಅವರಲ್ಲಿ ಹತ್ತರಲ್ಲೊಬ್ಬರಿಗೆ ಫೈಬ್ರಾಯ್ಡ್ ಇತ್ತು. ವಯಸ್ಸು ಮೊದಲಾದ್ದನ್ನ ಲೆಕ್ಕಕ್ಕೆ ತಗೊಂಡ ಮೇಲೆ ಗರ್ಭಪಾತಕ್ಕೂ ಫೈಬ್ರಾಯ್ಡಿಗೂ ನಂಟೇ ಕಾಣಲಿಲ್ಲ. ವಯಸ್ಸಾದ ಹಾಗೆ ಗಂಟೂ ಹೆಚ್ಚು, ಗರ್ಭ ಹೋಗೋದೂ ಹೆಚ್ಚು. ಎರಡೂ ಒಟ್ಟಿಗೆ ಕಂಡಿದ್ದಕ್ಕೆ ಇಷ್ಟು ವರ್ಷ ಗಂಟಿನ ತಲೆಗೆ ಕಟ್ಟಿದ್ರು.

— ಒಳಕೋಣೆ ಕಡೆ ಉಬ್ಬಿರೋದನ್ನ ಮಾತ್ರ ನಾನು ಹಾಗೆ ಬಿಟ್ಟುಕೊಡಲ್ಲ. ಅದು ಬಸುರು ಕಚ್ಚಿಕೊಳ್ಳೋಕೇ ತೊಡಕು. ನಿಂದು ಅದಲ್ಲ. ರಾತ್ರಿಯೆಲ್ಲ ಕೂತ್ಯಾ? ಬಸುರಿ ಹೆಂಗಸು ನಿದ್ದೆ ಕೆಟ್ಟು ಓದ್ತಾಳೆ, ಗಂಡ ಪಕ್ಕದಲ್ಲಿ ಗೊರಕೆ ಹೊಡೀತಾನೆ.

— ಅವನೂ ಎದ್ದಿದ್ದ. ಪಾಪ. ಮೊದಲೇ ತೆಗೆಸಿಕೊಂಡು ಆಮೇಲೆ ಬಸುರಿ ಆಗಬೇಕಿತ್ತೇನೋ ಅಂತ ಇಬ್ಬರೂ ಮಾತಾಡಿದ್ವಿ.

— ಒಳಕೋಣೆದಾಗಿದ್ರೆ ಹೌದು ಅಂತಿದ್ದೆ. ಈಗ ಹೊಟ್ಟೆ ಕೊಯ್ಯದೆ, ಕೆಳಗಿನಿಂದ ಕ್ಯಾಮೆರಾ ಬಿಟ್ಟು ಕೆರೆದು ತೆಗೀತಾರೆ. ಗೋಡೆಯೊಳಗಿನದಕ್ಕೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಗೋಡೆ ಕೊಯ್ದು ಹೊಲಿದ್ರೆ ಹೊಲಿಗೆ ಉಳಿಯತ್ತಲ್ಲ? ಹೆರಿಗೆ ನೋವಿನಲ್ಲಿ ಹೊಲಿಗೆ ಬಿಟ್ಟರೆ ತಾಯಿ ಮಗು ಇಬ್ಬರಿಗೂ ಗಂಡಾಂತರ. ನೂರಕ್ಕೆ ಒಬ್ಬರಿಗೂ ಆಗಲ್ಲ, ಆದ್ರೂ ಆಳವಾಗಿ ಹೊಲಿದಿದ್ರೆ ನೋವು ಬರೋವರೆಗೂ ಕಾಯಲ್ಲ, ಮುಂಚೇನೇ ಸಿಸೇರಿಯನ್ ಮಾಡ್ತಾರೆ. ಒಂದು ಗಂಟು ತೆಗೆದು ಒಂದು ಹೊಲಿಗೆ ತಗೊಂಡ ಹಾಗೆ. ಕೊಟ್ಟಿದ್ದೆಷ್ಟು ಪಡೆದಿದ್ದೆಷ್ಟು ಅಂತ ಅವರವರ ಗರ್ಭಕೋಶ ನೋಡಿ ಲೆಕ್ಕ ಹಾಕ್ಬೇಕು.

— ಪಕ್ಕದ ಮನೆಯವರು ಗಡ್ಡೆ ಕರಗಿಸೋ ಮಾತ್ರೆ ಇದೆ ಅಂದ್ರು. ಅವರ ಸೊಸೆ ತಗೊಂಡಿದ್ಲಂತೆ.

— ಮುಟ್ಟಬೇಡ! ನಾಟಿ ಔಷಧಿನೂ ಬೇಡ, ಅಂಗಡಿ ಮಾತ್ರೆನೂ ಬೇಡ. ಅದರಲ್ಲಿ ಒಂದು ಮಾತ್ರೆ ಏನು ಗೊತ್ತಾ? ಮಿಫೆಪ್ರಿಸ್ಟೋನ್. ಗಂಟು ಕುಗ್ಗಿಸೋಕೆ ಸಣ್ಣ ಡೋಸಿನಲ್ಲಿ ಕೊಡ್ತಾರೆ, ಗರ್ಭ ತೆಗೆಸೋಕೂ ಅದನ್ನೇ ದೊಡ್ಡ ಡೋಸಿನಲ್ಲಿ ಕೊಡ್ತಾರೆ. ಬಸುರಿ ಅಂತ ಗೊತ್ತಿಲ್ಲದೆ ಒಬ್ಬರಿಗೊಬ್ಬರು ಮಾತ್ರೆ ದಾನ ಮಾಡ್ತಾರೆ ನಮ್ಮ ಜನ, ಉಪ್ಪಿನಕಾಯಿ ಕೊಟ್ಟ ಹಾಗೆ.

— ಮತ್ತೆ ನೋವು ಬಂದ್ರೆ? ಅದು ಬಸುರಿನಲ್ಲಿ ಕೊಳೆತು ಹೋಗತ್ತೆ ಅಂತ ಎಲ್ಲೋ ಓದಿದೆ.

— ಕೊಳೆಯೋದು ಅನ್ಬೇಡ. ಪುಸ್ತಕದಲ್ಲಿ ‘ರೆಡ್ ಡಿಜನರೇಶನ್’ ಅಂತಾರೆ. ಗಂಟು ಬೆಳೆದಷ್ಟು ಅದಕ್ಕೆ ರಕ್ತ ಸಿಗಲ್ಲ, ಒಳಗೇ ಸತ್ತು ಕೆಂಪಗಾಗತ್ತೆ. ಆಗ ಬರೋ ನೋವಿದೆಯಲ್ಲ! ಒಮ್ಮೆ ಹೊಸನಗರದ ಕಡೆಯಿಂದ ರಾತ್ರಿ ಜೀಪಿನಲ್ಲಿ ಒಬ್ಬಳನ್ನ ಕರ್ಕೊಂಡು ಬಂದ್ರು, ಐದು ತಿಂಗಳು. ಹೊಟ್ಟೆ ಮುಟ್ಟೋಕೆ ಬಿಡ್ತಿಲ್ಲ, ಸ್ವಲ್ಪ ಜ್ವರ, ವಾಂತಿ. ಹೊಸ ಡಾಕ್ಟರು ಅಪೆಂಡಿಕ್ಸ್ ಅಂದ್ಕೊಂಡು ಆಪರೇಶನ್‌ಗೆ ತಯಾರಿ ಮಾಡಿ ಅಂದ್ರು. ನಮ್ಮ ದೊಡ್ಡ ಡಾಕ್ಟರಮ್ಮ ಬಂದು ಒಂದೇ ಬೆರಳಲ್ಲಿ ಹೊಟ್ಟೆ ಒತ್ತಿ ನೋಡಿದ್ರು. ನೋವು ಇಡೀ ಹೊಟ್ಟೆದಲ್ಲ, ಒಂದೇ ಜಾಗದ್ದು, ಗಂಟಿನ ಮೇಲಿನದ್ದು. ಸಲೈನ್, ಪ್ಯಾರಾಸಿಟಮಾಲ್, ಹಾಸಿಗೆ. ನಾಲ್ಕನೇ ದಿನ ಎದ್ದು ಕೂತು ಗಂಜಿ ಕುಡಿದ್ಲು. ಮಗುಗೆ ಏನೂ ಆಗ್ಲಿಲ್ಲ.

— ಕುಯ್ಯಲಿಲ್ವಾ?

— ಕುಯ್ದಿದ್ರೇ ಕಷ್ಟ ಆಗ್ತಿತ್ತು. ನಿಂಗೆ ಹಾಗೆ ನೋವು ಬಂದ್ರೆ ಮನೇಲಿರೋ ಬ್ರೂಫೆನ್, ಡೈಕ್ಲೋಫೆನ್ಯಾಕ್ ನುಂಗಿಬಿಡ್ಬೇಡ. ಐದು ತಿಂಗಳು ದಾಟಿದ ಮೇಲೆ ಅವು ಮಗುವಿನ ಸುತ್ತಲಿನ ನೀರು ಕಡಿಮೆ ಮಾಡ್ತವೆ, ಕೊನೇ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ರದ ಒಂದು ನಾಳವನ್ನ ಹೊತ್ತಿಗೆ ಮುಂಚೆ ಮುಚ್ಚಿಸ್ತವೆ. ಮತ್ತೆ ನೋವಿನ ಜೊತೆ ರಕ್ತ ಕಂಡ್ರೆ, ನೀರು ಹೋದ್ರೆ, ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾದ್ರೆ, ಗಂಟಿನ ನೋವಿರ್ಬೇಕು ಬಿಡು ಅಂತ ಮನೇಲಿ ಕೂರ್ಬೇಡ. ಗಾಡಿ ಹತ್ತು.

— ಒಂದು ತೊಳೆ ತಿನ್ಲಾ?

— ತಿನ್ನು. ಬಸುರಿ ಹಲಸು ತಿನ್ನಬಾರದು ಅಂತ ನಮ್ಮಮ್ಮ ಮರದ ಹತ್ರಾನೂ ಬಿಡ್ತಿರಲಿಲ್ಲ. ನಾನು ಕದ್ದು ತಿಂದೆ. ಎರಡು ತಿನ್ನು, ಹತ್ತು ಬೇಡ, ಹೊಟ್ಟೆ ಉಬ್ಬರಿಸತ್ತೆ ಅಷ್ಟೇ.

— ಹೆರಿಗೆ ಹೇಗಾಗತ್ತೆ? ಸಿಸೇರಿಯನ್ನೇ ಗ್ಯಾರಂಟಿ ಅಂತಾರೆ.

— ಯಾರಂತಾರೆ? ಗಂಟು ಇದ್ದೋರಿಗೆ ಸಿಸೇರಿಯನ್ ಜಾಸ್ತಿ, ನಿಜ. ಮಗು ತಲೆ ಕೆಳಗೆ ಮಾಡಿ ತಿರುಗೋಕೆ ಜಾಗ ಸಾಲದೆ ಕುಂಡೆ ಕೆಳಗಾಗಿ ಕೂತಿರತ್ತೆ, ಅಥವಾ ಗಂಟು ಕೆಳಗಡೆ ಬಾಗಿಲಿಗೇ ಅಡ್ಡ ಇರತ್ತೆ. ನಿಂದು ಮೇಲ್ಭಾಗದಲ್ಲಿದೆ ಅಂತ ಬರೆದಿದೆ. ಕೆಳಗಿದ್ದಿದ್ರೂ ಈಗಲೇ ತೀರ್ಮಾನ ಮಾಡ್ತಿರಲಿಲ್ಲ. ಕೊನೇ ತಿಂಗಳುಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗತ್ತಲ್ಲ, ಆಗ ಎಷ್ಟೋ ಗಂಟು ತಾನಾಗೇ ಮೇಲಕ್ಕೆ ಸರಿದು ದಾರಿ ಬಿಡ್ತವೆ. ಏಳು ತಿಂಗಳಲ್ಲಿ ಸಿಸೇರಿಯನ್ ಅಂತ ಬರೆಸಿಕೊಂಡು ಹೋದವರು ಸುಸೂತ್ರ ಹೆತ್ತಿದ್ದನ್ನ ನಾನೇ ನೋಡಿದೀನಿ. ದಿನ ತುಂಬೋಕೆ ಮುಂಚೆ ನೋವು ಬರೋದೂ ಸ್ವಲ್ಪ ಹೆಚ್ಚು. ಅದಕ್ಕೇ ಚೆಕಪ್ ತಪ್ಪಿಸಬಾರದು. ನಂಗೆ ಭಯ ಇರೋದು ಅದಲ್ಲ.

— ಮತ್ತೆ?

— ಹೆರಿಗೆ ಆದ ಮೇಲಿನದು. ಕೈ ಕೊಡು. ಈ ಹಲಸಿನ ಬೀಜ ಇಟ್ಕೊಂಡು ಮುಷ್ಟಿ ಕಟ್ಟು. ಪೂರ್ತಿ ಬಿಗಿಯಾಗತ್ತಾ?

— ಇಲ್ಲ. ಸಂದಿ ಉಳಿಯತ್ತೆ.

— ಅಷ್ಟೇ ವಿಷಯ. ಮಾಸು ಬಿದ್ದ ತಕ್ಷಣ ಗರ್ಭಕೋಶ ಮುಷ್ಟಿ ಕಟ್ಟಿದ ಹಾಗೆ ಗಟ್ಟಿ ಆಗ್ಬೇಕು. ಸ್ನಾಯುವಿನ ಎಳೆಗಳು ಹೆಣೆದುಕೊಂಡಿರ್ತವೆ, ರಕ್ತನಾಳಗಳು ಅದರ ನಡುವೆ ಹಾದು ಹೋಗ್ತವೆ. ಎಳೆ ಬಿಗಿದ್ರೆ ನಾಳ ತಾನೇ ಕಟ್ಟಿಕೊಳ್ಳತ್ತೆ. ನಡುವೆ ಗಂಟಿದ್ರೆ ಬಿಗಿಯೋದು ಕಮ್ಮಿ, ರಕ್ತ ನಿಲ್ಲೋದು ತಡ. ತುಂಬಿದ ಬಸುರಿನಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರೀತಿರತ್ತೆ. ಮೈಯಲ್ಲಿರೋದೇ ಐದು ಲೀಟರ್. ಅದಕ್ಕೇ ನಾನು ಹೇಳೋದು, ನಿನ್ನ ಹೆರಿಗೆ ರಕ್ತ ಕೈಗೆಟುಕೋ ದೊಡ್ಡ ಆಸ್ಪತ್ರೆಯಲ್ಲೇ ಆಗ್ಲಿ. ತಾಯಿ ಕಾರ್ಡಿನ ಮೇಲೆ ಫೈಬ್ರಾಯ್ಡ್ ಅಂತ ಬರೆಸು, ಕೆಂಪು ಶಾಯಿಯಲ್ಲಿ. ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರೋ ಹುಡುಗಿ ನಿನ್ನ ಫೈಲು ತಿರುವಿ ಹಾಕಿ ಓದಲ್ಲ, ಕಾರ್ಡ್ ಮೇಲೆ ಕಂಡಿದ್ದನ್ನ ನೋಡ್ತಾಳೆ. ನಾನೂ ಹಾಗೇ ಇದ್ದೆ.

— ಕಬ್ಬಿಣದ ಮಾತ್ರೆ ತಗೋತಿದೀನಿ. ಹೆಚ್‌ಬಿ 10.8.

— 11 ದಾಟಿಸು. ನಮ್ಮ ದೇಶದಲ್ಲಿ ನೂರಕ್ಕೆ 57 ಹೆಂಗಸರಿಗೆ ರಕ್ತ ಕಮ್ಮಿ. ಜೇಬಲ್ಲಿ ದುಡ್ಡಿದ್ದವನು ಸ್ವಲ್ಪ ಕಳ್ಕೊಂಡ್ರೂ ತಡ್ಕೋತಾನೆ.

— ಸಿಸೇರಿಯನ್ನೇ ಆದ್ರೆ ಆವಾಗ್ಲೇ ಈ ಗಂಟನ್ನೂ ತೆಗೆದುಬಿಡಬಹುದಲ್ಲ? ಒಂದೇ ಖರ್ಚು.

— ಆ ಅರ್ಧ ಲೀಟರಿನ ಲೆಕ್ಕ ಮರೆತ್ಯಾ? ನಮ್ಮ ಕಾಲದಲ್ಲಿ ಅದು ದೊಡ್ಡ ತಪ್ಪು ಅಂತಿತ್ತು. ಈಗ ಕೈ ಪಳಗಿದವರು ಕೆಲವು ಕಡೆ ತೆಗೀತಾರಂತೆ. ತೊಟ್ಟಿನ ಮೇಲೆ ನೇತಾಡೋದಾದ್ರೆ ಸರಿ. ಗೋಡೆದಾದ್ರೆ ಬಿಟ್ಟುಬಿಡು, ತಾನೇ ಕುಗ್ಗತ್ತೆ. ಬಸುರಿಲ್ಲದಾಗ ತೆಗೆಯೋದು ನೋಡೋಕೆ ಚಂದ ಮಾರಾಯ್ತಿ. ಈ ತೊಳೆ ಸೀಳಿ ಒತ್ತಿದ್ರೆ ಬೀಜ ಪಿಚಕ್ಕನೆ ಹೊರಗೆ ಬರತ್ತಲ್ಲ? ಥೇಟ್ ಹಾಗೇ. ಗಂಟಿನ ಸುತ್ತ ಒಂದು ಪೊರೆ ಇರತ್ತೆ, ಸರಿಯಾದ ಪದರ ಸಿಕ್ಕಿದ್ರೆ ಬೆರಳಲ್ಲೇ ಬಿಡಿಸ್ಕೊಂಡು ಬರ್ಬಹುದು. ರಕ್ತ ಹರಿಯದ ಹಾಗೆ ಕೆಳಗೆ ಒಂದು ಇಕ್ಕಳ ಹಾಕ್ತಾರೆ. ಬಾನಿ ಕ್ಲ್ಯಾಂಪ್. ಟ್ರೇನಲ್ಲಿ ಜೋಡಿಸಿ ಜೋಡಿಸಿ ಅದರ ತೂಕ ಇನ್ನೂ ಕೈಯಲ್ಲಿದೆ.

— ಬಾನಿ! ವಿಕ್ಟರ್ ಬಾನಿ. ನಿನ್ನೆ ರಾತ್ರಿ ಅವರ ಬಗ್ಗೆನೂ ಓದಿದೆ.

— ಅದು ಮನುಷ್ಯರ ಹೆಸರಾ? ನಾನು ಕಂಪನಿ ಹೆಸರು ಅಂದ್ಕೊಂಡಿದ್ದೆ.

— ಲಂಡನ್ನಿನ ಡಾಕ್ಟರು. 1872ರಲ್ಲಿ ಹುಟ್ಟಿದ್ದು. ಮದುವೆಯಾದ ಸ್ವಲ್ಪ ದಿನಕ್ಕೇ ಹೆಂಡತಿಗೆ ಫೈಬ್ರಾಯ್ಡಿನಿಂದ ವಿಪರೀತ ರಕ್ತಸ್ರಾವ. ಆ ಕಾಲದಲ್ಲಿ ಒಂದೇ ದಾರಿ, ಗರ್ಭಕೋಶವನ್ನೇ ತೆಗೆದ್ರು. ಮಕ್ಕಳಾಗಲಿಲ್ಲ. ಬಾನಿ ಆಮೇಲೆ ಜೀವಮಾನವೆಲ್ಲ ಗಂಟು ಮಾತ್ರ ತೆಗೆದು ಗರ್ಭಕೋಶ ಉಳಿಸೋ ಆಪರೇಶನ್ ತಿದ್ದುತ್ತ ಕೂತ್ರು. ಒಬ್ಬಳ ಒಂದೇ ಗರ್ಭಕೋಶದಿಂದ 225 ಗಂಟು ತೆಗೆದು, ಅದನ್ನ ಹೊಲಿದು ವಾಪಸ್ ಇಟ್ಟರಂತೆ.

— ಇನ್ನೂರಿಪ್ಪತ್ತೈದಾ! ... ಅಷ್ಟು ವರ್ಷ ಕೈಯಲ್ಲಿ ಹಿಡಿದೆ ಅದನ್ನ. ಯಾರೂ ಹೇಳ್ಲಿಲ್ಲ ನೋಡು, ಹೆಂಡತಿ ವಿಷಯ.

— ಯಾಕೆ ಸುಮ್ಮನಾದೆ?

— ನಿಮ್ಮಮ್ಮಂದು ನೆನಪಾಯ್ತು. 1998. ಅಕ್ಕಂಗೆ ಆಗ 33. ತಿಂಗಳಿಗೆ ಹದಿನೈದು ದಿನ ಮುಟ್ಟು. ಹೆಚ್‌ಬಿ 6ಕ್ಕೆ ಇಳಿದಿತ್ತು, ಬಾವಿಯಿಂದ ಒಂದು ಕೊಡ ನೀರು ತರೋಕೆ ಮೂರು ಕಡೆ ಕೂತ್ಕೋತಿದ್ಲು. ಒಳಕೋಣೆಯಲ್ಲಿ ಅಡಿಕೆ ಗಾತ್ರದ್ದು ಒಂದು ಗಂಟು, ಒಂದೇ. ಗರ್ಭಕೋಶ ತೆಗೆಸಿಬಿಡಿ ಅಂದ್ರು. ಸಹಿ ಹಾಕೋ ಫಾರಂ ಹಿಡ್ಕೊಂಡು ನಿಂತಿದ್ದವಳು ನಾನೇ. ‘ಹೆಣ್ಣೊಂದಿದೆಯಲ್ಲಕ್ಕ, ಸಾಕು, ಜೀವ ಉಳಿದ್ರೆ ಸಾಕು’ ಅಂದೆ.

— ಅಮ್ಮ ಯಾವತ್ತೂ ಅದನ್ನ ದೂರಿಲ್ಲ. ಆರಾಮಾಯ್ತು ಅಂತಾನೇ ಹೇಳ್ತಾಳೆ.

— ಆರಾಮಾಗಿದ್ದು ಸುಳ್ಳಲ್ಲ. ಆರು ತಿಂಗಳಲ್ಲಿ ಮುಖದಲ್ಲಿ ರಕ್ತ ತುಂಬಿತು. ಆಗ ನಮ್ಮೂರ ಕಡೆ ಕ್ಯಾಮೆರಾ ಬಿಟ್ಟು ತೆಗೆಯೋದೂ ಇರಲಿಲ್ಲ. ಅದೇ ಸರಿ ಇತ್ತೇನೋ, ನಂಗೊತ್ತಿಲ್ಲ. ಆದ್ರೆ ಬಾನಿ ಕ್ಲ್ಯಾಂಪ್ ನಮ್ಮ ಟ್ರೇನಲ್ಲೇ ಇತ್ತಲ್ಲೇ. ‘ನಿಮಗೆ ಇನ್ನೊಂದು ಮಗು ಬೇಕಾ?’ ಅಂತ ಅವಳನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ನಿನ್ನ ಕುಲಾವಿ, ಅಂಗಿ ಎಲ್ಲ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಮಡಚಿಟ್ಟಿದ್ಲು. ಆಪರೇಶನ್ ಆಗಿ ಬಂದ ತಿಂಗಳಿಗೆ ತೊಟ್ಟಿಲ ಸಮೇತ ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಲು.

— ತೊಟ್ಟಿಲು ಹೋಗಿದ್ದು ನೆನಪಿದೆ. ನಾನು ಅತ್ತಿದ್ದೆ, ನನ್ನ ಬೊಂಬೆ ಅದರಲ್ಲಿ ಮಲಗ್ತಿತ್ತು.

— ಹ್ಞೂಂ.

— ಅಮ್ಮ ಒಬ್ಬಳೇ ಅಲ್ಲ ಚಿಕ್ಕಮ್ಮ. ದೇಶದ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಕಲಬುರಗಿ ಕಡೆ ತಾಂಡಾಗಳಲ್ಲಿ ಲಂಬಾಣಿ ಹೆಂಗಸರಿಗೆ ಬೆನ್ನು ನೋವು, ಹೊಟ್ಟೆ ನೋವು ಅಂದ್ರೂ ತೆಗೆದು ಕಳಿಸ್ತಿದ್ರು ಅಂತ ಅವರು ಬೀದಿಗೇ ಬಂದಿದ್ರಲ್ಲ. ಬೇರೆ ರಾಜ್ಯಗಳಲ್ಲಿ ಹೀಗೇ ಆಗಿದ್ದು ಸುಪ್ರೀಂ ಕೋರ್ಟಿಗೆ ಹೋಗಿ, 2023ರಲ್ಲಿ ತೀರ್ಪು ಬಂತು. ಅನಗತ್ಯವಾಗಿ ತೆಗೆಯೋದನ್ನ ತಡೆಯೋಕೆ ಎಲ್ಲ ರಾಜ್ಯಗಳೂ ಮಾರ್ಗಸೂಚಿ ಜಾರಿ ಮಾಡ್ಬೇಕು ಅಂತ.

— ಹೆರಿಗೆ ಆದ ಮೇಲೆ ನಿಂಗೂ ಹೇಳ್ತಾರೆ, ನೋಡ್ತಿರು. ಮಗು ಆಯ್ತಲ್ಲ, ಗಡ್ಡೆ ಇಟ್ಕೊಂಡು ಏನ್ ಮಾಡ್ತೀಯ, ತೆಗೆಸಿಬಿಡು ಅಂತ. ನಿಮ್ಮತ್ತೆ ಹೇಳ್ಬಹುದು, ನನ್ನಂಥ ಸಿಸ್ಟರೂ ಹೇಳ್ಬಹುದು. ಎಲ್ಲಿ ಕೂತಿದೆ ಅಂತ ಕೇಳು ಅವರನ್ನ. ಉತ್ತರ ಹೇಳೋಕೆ ಬರದೇ ಇದ್ದವರ ಮಾತಿಗೆ ಸಹಿ ಹಾಕ್ಬೇಡ.

— ಮಳೆ ಜೋರಾಯ್ತು. ಬೀಜ ಒಳಗಿಡ್ಲಾ? ... ಅಮ್ಮ ಎದ್ದಳು ಅನ್ಸತ್ತೆ. ಕೆಮ್ಮಿದ್ದು ಕೇಳಿಸ್ತು.

— ರಿಪೋರ್ಟ್ ಸೆರಗಿನೊಳಗೆ ಸೇರಿಸ್ತಿದ್ಯಲ್ಲೇ!

— ನೋಡಿದ್ರೆ ತನ್ನದು ನೆನಪಾಗತ್ತೆ ಅವಳಿಗೆ. ಸುಮ್ಮನೆ ಯಾಕೆ?

— ನೆನಪಾಗ್ಲಿ. ನಂಗೂ ಅವಳ ಹತ್ರ ಒಂದು ಮಾತು ಕೇಳೋದಿದೆ, ಇಪ್ಪತ್ತೇಳು ವರ್ಷ ತಡವಾಗಿ. ತೆಗಿ ಹೊರಗೆ. ... ಅಕ್ಕಾ! ಎದ್ಯಾ? ಕಿಟಕಿ ಮೇಲೆ ನಿನ್ನ ಕನ್ನಡಕ ಇದೆ ನೋಡು, ಹಾಕ್ಕೊಂಡು ಬಾ ಇಲ್ಲಿ.